ಜೋಡಿ ಕಟ್ಟುವವರು

ಮುಷ್ಟಿಯುದ್ಧದ ವಿಷಯವಾಗಿ ಬರೆಯುತ್ತೇನೆಂದಾಗ ಸಂಚಿಕೆಯ ಸಂಪಾದಕ ಮಿತ್ರರು ನನ್ನ ತೋಳುಗಳ ಕಡೆ ನೋಡಿ ನಕ್ಕರು. ನಗಲಿ. ನಾನು ಬರೆಯಹೊರಟಿರುವುದು ಹೊಡೆದವರ ವಿಷಯವಲ್ಲ, ಆ ಹೊಡೆತವನ್ನು ಮನೆಮನೆಗೆ ಮಾರಿದವರ ವಿಷಯ. ಅದರಲ್ಲಿ ನನಗೆ ತಾಯಿಯ ಕಡೆಯಿಂದ ಬಂದ ಹಕ್ಕು ಕೊಂಚ ಉಂಟು.

ತಾಯಿಯ ತಂದೆ ನಂಜನಗೂಡಿನ ಗರಡಿಯೊಂದರಲ್ಲಿ ಮೈಗೆ ಮಣ್ಣು ಮೆತ್ತಿಕೊಂಡು ಬೆಳೆದವರು. ಅವರ ಮಗ, ನನ್ನ ಸೋದರಮಾವ, ನಮ್ಮೂರ ಕಪಿಲೆ ಹರಿದುಹೋಗಿ ಕಾವೇರಿಯನ್ನು ಕೂಡುವ ತಿ. ನರಸೀಪುರದಲ್ಲಿ ಕೇಬಲ್ ಟಿ.ವಿ. ನಡೆಸಿದವರು. ಒಬ್ಬರು ಕುಸ್ತಿ ಆಡಿದರು, ಇನ್ನೊಬ್ಬರು ತೋರಿಸಿದರು. ನೋಡುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

2015ರ ಮೇ 3, ಭಾನುವಾರ ಬೆಳಗ್ಗೆ. ಅಮೆರಿಕದ ಲಾಸ್ ವೇಗಾಸಿನಲ್ಲಿ ಅದಿನ್ನೂ ಶನಿವಾರ ರಾತ್ರಿ. ಮೇವೆದರ್‌ಗೂ ಪ್ಯಾಕ್ವಿಯಾವೊಗೂ ಕಾಳಗ. ನಾನಾಗ ಹತ್ತು ವರ್ಷದ ಹುಡುಗ; ಮಾವನ ಮನೆಯಲ್ಲಿ ತಾತನ ಮಗ್ಗುಲಲ್ಲಿ ಕುಳಿತಿದ್ದೆ. ಎಷ್ಟು ಹೊತ್ತಾದರೂ ಕಾಳಗವೇ ಆರಂಭವಾಗಲೊಲ್ಲದು. ಕೊನೆಯ ಗಳಿಗೆಯಲ್ಲಿ ಹಣ ಕಟ್ಟಲು ಬಂದವರ ನೂಕುನುಗ್ಗಲನ್ನು ಅಲ್ಲಿನ ಕೇಬಲ್ ಯಂತ್ರಗಳು ತಡೆಯಲಾರದೆ ಹೋಗಿದ್ದುವು!

ಅಲ್ಲಿ ತಿಂಗಳ ಬಾಡಿಗೆ ಕೊಟ್ಟರೆ ಸಾಲದು. ದೊಡ್ಡ ಕಾಳಗಗಳಿಗೆಂದೇ ಬೇರೆ ಹಣ ಕಟ್ಟಬೇಕು. ಅಂದಿನ ದರ ಹೆಚ್ಚುಕಡಮೆ 100 ಡಾಲರು. ಆದರೂ ಸುಮಾರು 46 ಲಕ್ಷ ಮಂದಿ ಕೊಂಡರು. ನಮಗೆ ಅದೇ ಕಾಳಗ ಮಾಮೂಲು ಬಾಡಿಗೆಯಲ್ಲಿ ದಕ್ಕಿತು. ಈ ವ್ಯಾಪಾರದ ಚೋದ್ಯವೆಂದರೆ ಹಣ ಮೊದಲು, ಹೊಡೆದಾಟ ಆಮೇಲೆ. 1988ರಲ್ಲಿ ಟೈಸನ್ ಎಂಬ ಮಲ್ಲ ಸ್ಪಿಂಕ್ಸನನ್ನು 91 ಸೆಕೆಂಡಿನಲ್ಲಿ ಕೆಡವಿಬಿಟ್ಟ. ದಸರೆಯಲ್ಲಿ ನಮ್ಮ ಅರಮನೆಯ ವಜ್ರಮುಷ್ಟಿ ಕಾಳಗವೂ ತಲೆಯಲ್ಲಿ ರಕ್ತ ಕಂಡೊಡನೆ ಮುಗಿಯುತ್ತದೆನ್ನಿ. ಆದರೆ ಅದಕ್ಕೆ ಯಾರೂ ಮನೆಯಲ್ಲಿ ಕುಳಿತು ಮುಂಗಡ ಕಟ್ಟಿರುವುದಿಲ್ಲ.

ಮಾವ ತಾತನಿಗೆ ಕಥೆ ಹೇಳಿದರು. ಈ ಜೋಡಿಯ ಮಾತು 2009ರಲ್ಲೇ ಎದ್ದಿತ್ತು. ಮೊದಲು ರಕ್ತಪರೀಕ್ಷೆಯ ತಕರಾರು, ಬಳಿಕ ಹಣದ ಪಾಲಿನ ತಕರಾರು. 2013ರಲ್ಲಿ ಮೇವೆದರ್ ಷೋಟೈಮ್ ವಾಹಿನಿಗೆ ಸೇರಿದ, ಪ್ಯಾಕ್ವಿಯಾವೊ ಎಚ್.ಬಿ.ಓ.ದವನು. ಒಂದು ವಾಹಿನಿಯ ಮಲ್ಲನನ್ನು ಇನ್ನೊಂದಕ್ಕೆ ಬಿಟ್ಟುಕೊಡುವುದುಂಟೆ? ಕಡೆಗೆ ಎರಡೂ ಸೇರಿ ಪ್ರಸಾರ ಮಾಡುವುದೆಂದು ಒಪ್ಪುವಷ್ಟರಲ್ಲಿ ಒಬ್ಬನಿಗೆ 38, ಇನ್ನೊಬ್ಬನಿಗೆ 36 ವರ್ಷ.

"ಜೋಡಿ ಕಟ್ಟಾಕೆ ಐದು ವರ್ಸವೇನ್ಲಾ?" ಎಂದರು ತಾತ.

ಮೈಸೂರಿನ ದಸರಾ ಕುಸ್ತಿಗೆ ಜೋಡಿ ಕಟ್ಟುವುದೇ ಒಂದು ಸಮಾರಂಭ. ಪೈಲ್ವಾನರು ನೆರೆಯುತ್ತಾರೆ, ಉಸ್ತಾದರು ಮೈಕಟ್ಟು ನೋಡಿ, ತೂಕ ನೋಡಿ, ಎಲ್ಲರ ಕಣ್ಣೆದುರಿಗೆ ಇವನಿಗೆ ಇವನು ಎಂದು ಕಟ್ಟುತ್ತಾರೆ. ತಾತನ ಮಟ್ಟಿಗೆ ಕುಸ್ತಿಯ ಮರ್ಯಾದೆಯೆಲ್ಲ ಅಲ್ಲೇ ಇತ್ತು. ಹನ್ನೆರಡು ಸುತ್ತು ಮುಗಿದು ಮೇವೆದರ್ ಅಂಕಗಳ ಮೇಲೆ ಗೆದ್ದಾಗ ಅವರು ತಿಂಡಿಗೆಂದು ಎದ್ದುಹೋಗಿದ್ದರು. ನೀರಸ ಕಾಳಗವೇ ಸರಿ.

ಅದಿರಲಿ, ನಮ್ಮ ಮನೆಯ ಕುಸ್ತಿಗೆ ಬರುತ್ತೇನೆ. 2022ರ ಜೂನಿನಲ್ಲಿ ಐ.ಪಿ.ಎಲ್. ಕ್ರಿಕೆಟ್ಟಿನ ಐದು ವರ್ಷದ ಹಕ್ಕು ಹರಾಜಾಯಿತು. ಒಟ್ಟು 48,390 ಕೋಟಿ ರೂಪಾಯಿ. ದೇಶದೊಳಗಿನ ಟಿ.ವಿ. ಪಾಲು 23,575 ಕೋಟಿಗೆ ಸ್ಟಾರ್ ಸಂಸ್ಥೆಗೆ, ಫೋನಿನ ಪಾಲು ವಯಾಕಾಮ್ 18ಕ್ಕೆ. ಒಂದೇ ಆಟ, ಇಬ್ಬರು ಯಜಮಾನರು. 2023ರಲ್ಲಿ ಫೋನಿನವರು ಪುಕ್ಕಟೆ ತೋರಿಸಿದರು. ಹಾಗೆ ಸುರಿದ ಹಣವನ್ನು ಮುಂದೆ ನಮ್ಮಿಂದಲೇ ವಸೂಲು ಮಾಡುವರೆಂದು ಮಾವ ಬೀದಿಯವರಿಗೆಲ್ಲ ಹೇಳಿದರು. ಯಾರು ಕೇಳುತ್ತಾರೆ? ಬಾಡಿಗೆ ವಸೂಲಿಗೆ ಹೋದರೆ, "ಬ್ಯಾಡಿ ಅಣ್ಣ, ವೈರ್ ತಗದುಬುಡಿ" ಎಂಬುದೇ ಉತ್ತರ.

ಬರೆಯಲು ನಾಚಿಕೆಯಾಗುವ ಮಾತೊಂದಿದೆ. ಆ ಬೇಸಿಗೆಯಲ್ಲಿ ನಾನು ಮಾವನ ಮನೆಯಲ್ಲಿದ್ದೆ. ಅವರ ಕೇಬಲ್ ಹಣದಿಂದಲೇ ನನ್ನ ಹೈಸ್ಕೂಲು ಪುಸ್ತಕಗಳು ಬಂದದ್ದು. ನಡುಮನೆಯಲ್ಲಿ ಮಾವನ ಟಿ.ವಿ. ಓಡುತ್ತಿತ್ತು, ನಾನು ಮಹಡಿಯ ಮೇಲೆ, ಬಾಗಿಲು ಹಾಕಿಕೊಂಡು, ಅದೇ ಪಂದ್ಯವನ್ನು ಫೋನಿನಲ್ಲಿ ನೋಡುತ್ತಿದ್ದೆ. ಅತ್ತೆ ಊಟಕ್ಕೆ ಕರೆಯಲು ಬಂದು ನೋಡಿದರು. ಏನೂ ಹೇಳಲಿಲ್ಲ, ಮಾವನಿಗೂ ಹೇಳಲಿಲ್ಲವೆಂದೇ ನಂಬಿದ್ದೇನೆ.

ಎಚ್.ಬಿ.ಓ. 2018ರ ಕೊನೆಗೆ ಮುಷ್ಟಿಯುದ್ಧವನ್ನೇ ಕೈಬಿಟ್ಟಿತು; 2023ರ ಕೊನೆಗೆ ಷೋಟೈಮೂ ಬಿಟ್ಟಿತು. ಇಲ್ಲಿ ಸ್ಟಾರ್ ಮತ್ತು ವಯಾಕಾಮ್ 18, 2024ರ ನವೆಂಬರಿನಲ್ಲಿ ಒಂದಾದುವು. ಸುದ್ದಿ ಓದಿ ಹೇಳಿದಾಗ ಮಾವ, "ಇಬ್ಬರು ಉಸ್ತಾದರೂ ಒಂದೇ ಗರಡಿಗೆ ಸೇರ್ಕಂಡ್ರು ಅನ್ನು" ಎಂದು ನಕ್ಕರು. ಈಗವರು ಅದೇ ಹಳೆಯ ಕಂಬಗಳ ಮೇಲೆ ಇಂಟರ್ನೆಟ್ ತಂತಿ ಎಳೆಯುತ್ತಾರೆ. ಕಳೆದ ರಜೆಯಲ್ಲಿ ಏಣಿ ಹಿಡಿದುಕೊಳ್ಳಲು ನನ್ನನ್ನು ಕರೆದೊಯ್ದಿದ್ದರು. ಮಹಡಿಯ ಸಂಗತಿ ಹೇಳಿಬಿಡಬೇಕೆಂದು ತಲೆಯೆತ್ತಿದೆ. "ಏಣಿ ಗಟ್ಟಿಯಾಗಿ ಹಿಡ್ಕೊಳ್ಳೋ" ಎಂದರು ಮಾವ.