ವಿಧಾನಸೌಧದಿಂದ ನಿಮ್ಮೂರಿನ ಪಂಚಾಯತಿಗೆ

ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ಸುತ್ತುತ್ತಾರೆ, ಚಿಕ್ಕಪೇಟೆಯಲ್ಲಿ ಬಟ್ಟೆ ಕೊಳ್ಳುತ್ತಾರೆ. ವಿಧಾನಸೌಧವನ್ನು ಮಾತ್ರ ಬಸ್ಸಿನ ಕಿಟಕಿಯಿಂದಲೇ ಮಕ್ಕಳಿಗೆ ತೋರಿಸಿ ಮುಂದೆ ಹೋಗುತ್ತಾರೆ. ಮುಂದಿನ ಸಲ ನೀವು ಅಲ್ಲಿ ಇಳಿಯಿರಿ. ಒಂದು ಕಡೆ ಕೆಂಪು ಬಣ್ಣದ ಹೈಕೋರ್ಟ್, ಎದುರಿಗೆ ಗ್ರಾನೈಟ್ ಕಲ್ಲಿನ ವಿಧಾನಸೌಧ. ಕಾನೂನು ಮಾಡುವ ಮನೆಗೂ ಅದನ್ನು ತೂಗಿ ನೋಡುವ ಮನೆಗೂ ನಡುವೆ ಒಂದು ರಸ್ತೆಯಷ್ಟೇ.

1951ರ ಜುಲೈ 13ರಂದು ಪ್ರಧಾನಿ ನೆಹರೂ ಇದಕ್ಕೆ ಅಡಿಗಲ್ಲು ಹಾಕಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಕನಸಾಗಿದ್ದ ಕಟ್ಟಡ 1956ರಲ್ಲಿ ಪೂರ್ಣಗೊಂಡಿತು. 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಬರಹವನ್ನು ಮಕ್ಕಳಿಂದಲೇ ಓದಿಸಿ. 2025ರಲ್ಲಿ ರಜಾದಿನಗಳಂದು ಮಾರ್ಗದರ್ಶಕರೊಂದಿಗೆ ಒಳಗೆ ನೋಡುವ ವ್ಯವಸ್ಥೆಯೂ ಆರಂಭವಾಯಿತು. ಅಧಿವೇಶನದ ದಿನಗಳಲ್ಲಿ ಪಾಸ್ ಪಡೆದು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರಬಹುದು.

ಒಳಗೆ ಎರಡು ಸದನಗಳು. ವಿಧಾನಸಭೆಯಲ್ಲಿ 224 ಚುನಾಯಿತ ಶಾಸಕರು, ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. ಸಭಾಧ್ಯಕ್ಷರ ಬಲಕ್ಕೆ ಆಡಳಿತ ಪಕ್ಷ, ಎಡಕ್ಕೆ ವಿರೋಧ ಪಕ್ಷ. ಮಸೂದೆ ಮಂಡನೆಯಾಗಿ, ಚರ್ಚೆಯಾಗಿ, ಎರಡೂ ಸದನಗಳನ್ನು ದಾಟಿ ರಾಜ್ಯಪಾಲರ ಬಳಿಗೆ ಹೋಗುತ್ತದೆ. ಕೆಲವು ಮಸೂದೆಗಳು ರಾಷ್ಟ್ರಪತಿಯವರೆಗೂ ಹೋಗಬೇಕು. ಅಂಕಿತ ಬಿದ್ದ ಮೇಲೆಯೇ ಅದು ಕಾಯ್ದೆ.

ಅಲ್ಲಿನ ಮಾತುಗಳಿಗೂ ನಮ್ಮ ಅಡುಗೆಮನೆಗೂ ಏನು ಸಂಬಂಧ ಎಂದು ಕೇಳುತ್ತೀರಾ? ಒಂದು ಉದಾಹರಣೆ ನೋಡಿ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ 1983ರಲ್ಲಿ ಪಂಚಾಯತ್ ರಾಜ್ ಸಚಿವರಾದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದರಿಂದ ಜನ ಪ್ರೀತಿಯಿಂದ 'ನೀರ್ ಸಾಬ್' ಎಂದೇ ಕರೆದರು. ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆದವರಿಗೆ ಆ ಹೆಸರಿನ ಬೆಲೆ ಗೊತ್ತು. ಅವರ ಕಾಲದ ಪಂಚಾಯತ್ ಮಸೂದೆ 1985ರಲ್ಲಷ್ಟೇ ರಾಷ್ಟ್ರಪತಿಯ ಅಂಕಿತ ಪಡೆಯಿತು. 1987ರ ಚುನಾವಣೆಯಲ್ಲಿ ಶೇ. 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ದೇಶದ ಸಂವಿಧಾನ ಮೂರನೇ ಒಂದು ಭಾಗದ ಮೀಸಲಾತಿ ಕೊಟ್ಟದ್ದು ಆಮೇಲೆ, 1993ರಲ್ಲಿ. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ನಿಮ್ಮೂರಿನ ಪಂಚಾಯತಿಯಲ್ಲಿ ಕುಳಿತ ಸಹೋದರಿಯ ಕುರ್ಚಿ ಬಂದದ್ದು ಈ ದಾರಿಯಿಂದ.

ಆದರೆ ಆ ಕುರ್ಚಿ ಕೊಟ್ಟ ಸದನದಲ್ಲೇ ಹೆಣ್ಣುಮಕ್ಕಳು ಎಷ್ಟು? 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದವರು 10 ಮಂದಿ. ಅವರಲ್ಲಿ ಕಲಬುರಗಿ ಉತ್ತರದ ಕನೀಜ್ ಫಾತಿಮಾ ಒಬ್ಬರು. ಗುಂಡ್ಲುಪೇಟೆಯವರೇ ಆದ ಕೆ.ಎಸ್. ನಾಗರತ್ನಮ್ಮ 1972ರಲ್ಲೇ ಸಭಾಧ್ಯಕ್ಷ ಪೀಠದಲ್ಲಿ ಕುಳಿತು ಸದನ ನಡೆಸಿದ್ದರು. ಹೀಗಿರುವಾಗ ಹೆಣ್ಣಿಗೆ ಅದು ಆಗದ ಕೆಲಸ ಎನ್ನುವಂತಿಲ್ಲ. ವಿಧಾನಸಭೆಗಳಲ್ಲೂ ಮೂರನೇ ಒಂದು ಭಾಗ ಮೀಸಲಿಡುವ ಸಂವಿಧಾನ ತಿದ್ದುಪಡಿಯನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿತು. ಜನಗಣತಿ, ಕ್ಷೇತ್ರ ಮರುವಿಂಗಡಣೆಯ ಬಳಿಕ ಜಾರಿ ಎಂಬ ಷರತ್ತನ್ನೂ ಸೇರಿಸಿತು.

ಇನ್ನೊಂದು ಮಾತು. ಪರಿಷತ್ತಿನ 25 ಸದಸ್ಯರನ್ನು ಆರಿಸುವುದು ಸ್ಥಳೀಯ ಸಂಸ್ಥೆಗಳ ಸದಸ್ಯರು. ಅಂದರೆ ನಿಮ್ಮ ಗ್ರಾಮ ಪಂಚಾಯತಿಯ ಸದಸ್ಯೆಯ ಮತವೂ ಆ ಕಲ್ಲಿನ ಕಟ್ಟಡವನ್ನು ಮುಟ್ಟುತ್ತದೆ. ಮುಂದಿನ ಗ್ರಾಮಸಭೆಗೆ ನೀವೂ ಹೋಗಿ, ನಲ್ಲಿ, ಶಾಲೆ, ರೇಷನ್ ಬಗ್ಗೆ ಕೇಳಿ. ವಿಧಾನಸೌಧದ ಮೆಟ್ಟಿಲು ಅಲ್ಲಿಂದಲೇ ಶುರುವಾಗುತ್ತದೆ.