ದಾಡಿಯ ಸಾಬೂನು ಕೊಳ್ಳುವ ಮೊದಲು



ಈ ಮಾಸಪತ್ರಿಕೆಯಲ್ಲಿ ವಿದ್ವಾಂಸರು ಬರೆಯುತ್ತಾರೆ. ನಾವು ಕಲಿತದ್ದು ಮ್ಯಾಟ್ರಿಕ್‌ವರೆಗೆ ಮಾತ್ರ. ಜತ್ತ ತಾಲೂಕಿನ ಬಾಲಗಾಂವದಲ್ಲಿ ನಮ್ಮದೊಂದು ಕಿರಾಣಿ ದುಕಾನ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ನಲವತ್ತು ವರ್ಷ ತಕ್ಕಡಿ ಹಿಡಿದ ಕೈಯಿಂದ ಈಗ ಲೇಖನಿ ಹಿಡಿದಿದ್ದೇವೆ. ವಿಷಯ ಬಹಳ ಸಣ್ಣದು, ದಾಡಿಯ ಸಾಬೂನು. ನಗಬೇಡಿರಿ, ಪೂರ್ತಿ ಓದಿರಿ.

ನಮ್ಮ ತೀರ್ಥರೂಪರು ಎಂಬತ್ತೇಳನೆಯ ವಯಸ್ಸಿನಲ್ಲಿ ಲಕ್ವಾ ಹೊಡೆದು ಹಾಸಿಗೆ ಹಿಡಿದರು. ಬಲಗೈ ಹೋಯಿತು, ಮಾತು ತೊದಲಾಯಿತು. ಆದರೆ ದಿನಾಲು ಬೆಳಿಗ್ಗೆ ದಾಡಿ, ಸ್ನಾನ ಆದ ಮೇಲೆಯೇ ಜಪಕ್ಕೆ ಕೂಡ್ರುವ ಅವರ ಪದ್ಧತಿ ಬಿಡಲಿಲ್ಲ. ದಾಡಿ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ಅರವತ್ತೈದು ದಾಟಿದ ನಾವು ಅಲ್ಲಿಯವರೆಗೆ ನಮ್ಮ ಮುಖ ಬಿಟ್ಟು ಮತ್ತೊಬ್ಬರ ಮುಖಕ್ಕೆ ಬ್ಲೇಡು ಹಚ್ಚಿದವರಲ್ಲ. ಮುದುಕರ ಚರ್ಮ ಹಳೆಯ ವಹಿಯ ಹಾಳೆಯಂತೆ ತೆಳು. ಅದರ ಮೇಲೆ ರಕ್ತ ತೆಳುವಾಗುವ ಗುಳಿಗೆ ಬೇರೆ ಶುರುವಿತ್ತು. ಸ್ವಲ್ಪ ಗಾಯವಾದರೂ ರಕ್ತ ಬೇಗ ನಿಲ್ಲುತ್ತಿರಲಿಲ್ಲ.

ಮೊದಲು ದುಕಾನದಲ್ಲಿದ್ದ ಅಗ್ಗದ ಸಾಬೂನಿನಿಂದ ಮಾಡಿದೆವು. ಬುರುಗು ಏಳುವುದು, ಬ್ಲೇಡು ಹಚ್ಚುವಷ್ಟರಲ್ಲಿ ಆರಿಹೋಗುವುದು. ಗಲ್ಲ ಕೆಂಪಾಗಿ, ಕುತ್ತಿಗೆಯಲ್ಲಿ ಸಣ್ಣ ಗುಳ್ಳೆ ಎದ್ದವು. ಸ್ನಾನದ ಸಾಬೂನು ಹಚ್ಚಿದರೆ ಉರಿ ಇನ್ನೂ ಹೆಚ್ಚಾಯಿತು. ತೀರ್ಥರೂಪರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ನೋಡುವ ನಮಗೆ ಸಂಕಟ.

ಆ ದಿನಗಳಲ್ಲಿ ಸೋಲಾಪುರದ ಏಜೆಂಟರೊಬ್ಬರು ಪರದೇಶದ ದಾಡಿ ಸಾಬೂನಿನ ಕಡ್ಡಿಗಳನ್ನು ತಂದುಕೊಟ್ಟರು. ಲಾಭಾಂಶ ಚೆನ್ನಾಗಿತ್ತು. ಎರಡು ಡಜನ್ ತೆಗೆದುಕೊಂಡೆವು, ಒಂದನ್ನು ತೀರ್ಥರೂಪರಿಗೆ ಉಪಯೋಗಿಸಿದೆವು. ಬುರುಗು ಬೆಣ್ಣೆಯ ಹಾಗೆ ಕುಳಿತಿತು. ಬ್ಲೇಡು ಜಾರಿತು. ಒಂದು ವಾರದಲ್ಲಿ ಗುಳ್ಳೆ ಇಳಿದವು. “ಸಾಬೂನು ಛಲೋ ಐತಿ ತಮ್ಮಾ, ಇದನ್ನ ಬಿಡಬ್ಯಾಡ” ಎಂದು ಅವರು ಎಡಗೈಯಿಂದ ಗಲ್ಲ ಸವರಿಕೊಂಡರು. ನಮಗೂ ಸಮಾಧಾನವಾಯಿತು. ಹದಿಮೂರು ಕಡ್ಡಿ ಖರ್ಚಾದವು.

ಒಂದು ಸಂಜೆ ಹತ್ತನೆಯ ತರಗತಿಯ ಮೊಮ್ಮಗ ಪೊಟ್ಟಣದ ಸಣ್ಣ ಅಕ್ಷರ ಓದುತ್ತ ಕೇಳಿದ: “ಅಜ್ಜಾ, ಟ್ಯಾಲೋವೇಟ ಅಂದ್ರ ಏನ್ರಿ?” ನಮಗೆ ಗೊತ್ತಿರಲಿಲ್ಲ. ಅವನೇ ಮೊಬೈಲಿನಲ್ಲಿ ಹುಡುಕಿ ಹೇಳಿದ. ಟ್ಯಾಲೋ ಎಂದರೆ ದನ-ಕುರಿಗಳ ಕೊಬ್ಬು. ಅದನ್ನು ಕ್ಷಾರದೊಡನೆ ಕೂಡಿಸಿ ಮಾಡಿದ ಸಾಬೂನಿಗೆ ಟ್ಯಾಲೋವೇಟ ಎನ್ನುತ್ತಾರೆ.

ಕಾಲ ಕೆಳಗಿನ ನೆಲ ಕುಸಿದಂತಾಯಿತು. 1983ರಲ್ಲಿ ವನಸ್ಪತಿಯಲ್ಲಿ ಆಮದಾದ ದನದ ಕೊಬ್ಬು ಬೆರೆತ ಪ್ರಕರಣ ದೇಶದಲ್ಲೆಲ್ಲ ಗದ್ದಲವೆಬ್ಬಿಸಿ, ಸರಕಾರ ಆ ಕೊಬ್ಬಿನ ಆಮದನ್ನೇ ನಿಲ್ಲಿಸಿದ್ದು ಹಿರಿಯರಿಗೆ ನೆನಪಿರಬಹುದು. ಆಗ ತೀರ್ಥರೂಪರು ವನಸ್ಪತಿಯ ಡಬ್ಬಿಗಳನ್ನು ದುಕಾನದಿಂದ ಹೊರಗಿಟ್ಟವರು ಮತ್ತೆ ಒಳಗೆ ತರಲಿಲ್ಲ. ಅಂಥವರ ಮುಖಕ್ಕೆ ದಿನಾಲು ನಾವು ಇದನ್ನು ಹಚ್ಚಿದ್ದೆವು.

ಈಗ ನಿಜ ಹೇಳಬೇಕು. ತಕ್ಷಣ ನಾವು ಅವರಿಗೆ ತಿಳಿಸಲಿಲ್ಲ. ಮುಖ ಈಗಷ್ಟೇ ಮಾಗಿದೆ, ಮುದುಕರ ಮನಸ್ಸು ಯಾಕೆ ನೋಯಿಸಬೇಕು ಎಂದು ನಮಗೆ ನಾವೇ ಹೇಳಿಕೊಂಡೆವು. ಡಬ್ಬಿಯಲ್ಲಿ ಇನ್ನೂ ಹನ್ನೊಂದು ಕಡ್ಡಿ ಉಳಿದಿವೆ ಎಂಬ ಲೆಕ್ಕವೂ ತಲೆಯಲ್ಲಿತ್ತು. ನಾಲ್ಕು ದಿನ ಅದೇ ಸಾಬೂನಿನಿಂದಲೇ ದಾಡಿ ಮಾಡಿದೆವು. ಐದನೆಯ ದಿನ ಬ್ರಶ್ ಹಿಡಿದ ಕೈ ಮುಂದೆ ಹೋಗಲಿಲ್ಲ. ಎಲ್ಲ ಹೇಳಿಬಿಟ್ಟೆವು.

ತೀರ್ಥರೂಪರು ಬಹಳ ಹೊತ್ತು ಸುಮ್ಮನಿದ್ದು ತೊದಲುತ್ತ ಅಂದರು: “ತಿಳೀಲಾರದ ಹಚ್ಚಿದ್ದು ಬ್ಯಾರೆ. ತಿಳಿದ ಮ್ಯಾಲ ನಾಕ ದಿನ ಯಾಕ ಹಚ್ಚಿದಿ?” ಅದಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಅವರು ಎರಡು ದಿನ ದಾಡಿ ಮಾಡಿಸಿಕೊಳ್ಳಲಿಲ್ಲ.

ಉಳಿದ ಮಾಲಿನ ಪ್ರಶ್ನೆ ಬಂತು. ಏಜೆಂಟರು ಹಿಂದೆ ತೆಗೆದುಕೊಳ್ಳಲಿಲ್ಲ. “ಅಪ್ಪಾ, ಎಲ್ಲಾ ಗಿರಾಕಿ ನಮ್ಮವರ ಅಲ್ಲಲ್ರಿ. ನಡೀತೈತಿ ಅನ್ನೋರಿಗೆ ಕೊಟ್ಟ ಖಾಲಿ ಮಾಡೂಣು” ಎಂದ ನಮ್ಮ ಮಗ. ವ್ಯಾಪಾರದ ಮಾತು, ತಪ್ಪೆಂದು ತೋರಲಿಲ್ಲ. ಆದರೆ ಕೃತ, ಕಾರಿತ, ಅನುಮೋದನ ಎಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಮಾಡುವುದು, ಮಾಡಿಸುವುದು, ಒಪ್ಪುವುದು ಮೂರೂ ಒಂದೇ ಖಾತೆಗೆ ಜಮಾ ಆಗುತ್ತವೆ. ಹನ್ನೊಂದು ಕಡ್ಡಿಯನ್ನೂ ವಹಿಯಲ್ಲಿ ನಷ್ಟಕ್ಕೆ ಹಾಕಿ ಹೊಲದಲ್ಲಿ ಹುಗಿದೆವು. ಒಯ್ದವರಲ್ಲಿ ನಮ್ಮ ಸಮಾಜದ ಆರು ಮನೆಯವರಿದ್ದರು. ಆರೂ ಮನೆಗೆ ಹೋಗಿ ಹೇಳಿ ರೊಕ್ಕ ಹಿಂದೆ ಕೊಟ್ಟೆವು. ಒಬ್ಬರು ನಕ್ಕರು, ಒಬ್ಬರು ಬೈದರು. ಒಬ್ಬರು ಅರ್ಧ ಸವೆದ ಕಡ್ಡಿ ಕೈಗಿಟ್ಟು ರೊಕ್ಕ ಬೇಡವೆಂದರು.

ಹಾಗಾದರೆ ಕೊಬ್ಬಿಲ್ಲದ ಸಾಬೂನಿನಿಂದ ಮೆತ್ತಗೆ ದಾಡಿ ಆಗುವುದಿಲ್ಲವೆ? ಆಗುತ್ತದೆ. ಅರ್ದೇಶಿರ ಗೋದ್ರೇಜರು ಸುಮಾರು ನೂರು ವರ್ಷದ ಹಿಂದೆಯೇ ಕೇವಲ ಸಸ್ಯದ ಎಣ್ಣೆಯಿಂದ ‘ಛಾವಿ’ ಸಾಬೂನು ತಯಾರಿಸಿ ತೋರಿಸಿದ್ದರು. ಆಮೇಲೆ ನಾವು ಕೇಳಿ, ಓದಿ, ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ.

ಸ್ನಾನದ ಸಾಬೂನು ಬೇರೆ, ದಾಡಿಯದು ಬೇರೆ. ಕೊಬ್ಬರಿ ಎಣ್ಣೆ ಹೆಚ್ಚಾದರೆ ಬುರುಗು ಬೇಗ ಏಳುತ್ತದೆ, ಬೇಗ ಒಡೆಯುತ್ತದೆ, ಚರ್ಮ ಒಣಗಿಸುತ್ತದೆ. ದಾಡಿಯ ಸಾಬೂನಿನಲ್ಲಿ ಸ್ಟಿಯರಿಕ್ ಆ್ಯಸಿಡ್ ಹೆಚ್ಚಿರಬೇಕು, ಅದರಿಂದ ಬುರುಗು ದಪ್ಪವಾಗಿ ನಿಲ್ಲುತ್ತದೆ. ಸೋಡಿಯಂ ಜೊತೆಗೆ ಪೊಟ್ಯಾಶಿಯಂ ಇದ್ದರೆ ಸಾಬೂನು ಮೆತ್ತಗಾಗಿ ನೀರಿನಲ್ಲಿ ಸುಲಭವಾಗಿ ಕದಡುತ್ತದೆ. ಗ್ಲಿಸರಿನ್ ಇದ್ದರೆ ಪಸೆ ಹಿಡಿಯುತ್ತದೆ. ಘಾಟು ಸುಗಂಧ, ಮೆಂಥಾಲ್ ಇದ್ದದ್ದು ನಾಜೂಕು ಚರ್ಮಕ್ಕೆ ಬೇಡ. ಹೊಸ ಸಾಬೂನನ್ನು ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡುವುದು ಒಳ್ಳೆಯದು.

ಪೊಟ್ಟಣದಲ್ಲಿ ‘ಪಾಮೇಟ’ ಎಂದರೆ ತಾಳೆ ಎಣ್ಣೆ, ‘ಕೋಕೋವೇಟ’ ಎಂದರೆ ಕೊಬ್ಬರಿ ಎಣ್ಣೆ, ‘ಟ್ಯಾಲೋವೇಟ’ ಎಂದರೆ ಕೊಬ್ಬು. ‘ಲ್ಯಾನೋಲಿನ್’ ಕುರಿಯ ಉಣ್ಣೆಯ ಜಿಡ್ಡು. ‘ಸ್ಟಿಯರಿಕ್ ಆ್ಯಸಿಡ್’ ಮಾತ್ರ ಸಸ್ಯದಿಂದಲೂ ಬರುತ್ತದೆ, ಕೊಬ್ಬಿನಿಂದಲೂ ಬರುತ್ತದೆ, ಹೆಸರಿನಿಂದ ಗೊತ್ತಾಗದು. ಸಾಬೂನು, ಸೌಂದರ್ಯ ಸಾಮಗ್ರಿಗಳ ಮೇಲೂ ಹಸಿರು ಇಲ್ಲವೆ ಕೆಂಪು-ಕಂದು ಚುಕ್ಕೆ ಇರಬೇಕೆಂದು ಕೇಂದ್ರ ಸರಕಾರ 2014ರಲ್ಲಿ ನಿಯಮ ಹೊರಡಿಸಿತು. ಆದರೂ ಎಲ್ಲ ಪೊಟ್ಟಣಗಳ ಮೇಲೆ ಅದು ಕಾಣುವುದಿಲ್ಲ. ಚುಕ್ಕೆ ಇಲ್ಲದಿದ್ದರೆ ಕಂಪನಿಗೆ ಬರೆದು ಕೇಳಬೇಕು. ಬ್ರಶ್ಶಿನಲ್ಲೂ ಹಂದಿಯ ಕೂದಲಿನದು ಇರುತ್ತದೆ. ನೈಲಾನ್ ಬ್ರಶ್ ಸಿಗುತ್ತದೆ, ಕೇಳಿಯೇ ಕೊಳ್ಳಿರಿ.

ಇನ್ನು ನೀರು. ನಮ್ಮ ತಾಲೂಕು ಬರಗಾಲದ್ದು, ಬೋರಿನ ನೀರು ಗಡಸು. ಅದರೊಳಗಿನ ಸುಣ್ಣದ ಅಂಶ ಸಾಬೂನನ್ನು ಒಡೆದ ಹಾಲಿನಂತೆ ಮಾಡುತ್ತದೆ, ಆ ಮಡ್ಡಿ ಚರ್ಮಕ್ಕೆ ಅಂಟುತ್ತದೆ. ನಾವು ಸಾಬೂನನ್ನಷ್ಟೇ ಬೈದಿದ್ದೆವು, ಅರ್ಧ ತಪ್ಪು ನೀರಿನದು. ಕುಡಿಯುವ ಫಿಲ್ಟರ್ ನೀರು ಒಂದು ಲೋಟ ಬಿಸಿ ಮಾಡಿಕೊಂಡರೆ ಸಾಕು.

ಉಳಿದ ಅರ್ಧ ನಮ್ಮ ಅವಸರದ್ದು. ಬಿಸಿನೀರಿನ ಅರಿವೆಯನ್ನು ಎರಡು ಮೂರು ನಿಮಿಷ ಮುಖಕ್ಕೆ ಇಡಬೇಕು. ಬ್ರಶ್ಶನ್ನು ಸುತ್ತಲೂ ತಿರುಗಿಸುತ್ತ ಬುರುಗು ಎಬ್ಬಿಸಬೇಕು. ಕೂದಲು ಬೆಳೆದ ದಿಕ್ಕಿಗೇ ಬ್ಲೇಡು ಎಳೆಯಬೇಕು, ಒತ್ತಬಾರದು. ನಾಲ್ಕೈದು ದಾಡಿಗೆ ಬ್ಲೇಡು ಬದಲಿಸಬೇಕು, ಒಬ್ಬರ ಬ್ಲೇಡು ಇನ್ನೊಬ್ಬರಿಗೆ ಹಚ್ಚಬಾರದು. ತಣ್ಣೀರಿನಿಂದ ತೊಳೆದು, ಸಣ್ಣ ಗಾಯವಿದ್ದರೆ ತುರಟಿಯ ಹರಳು ಸವರಬೇಕು.

ಮೂರನೆಯ ದಿನ ಹಸಿರು ಚುಕ್ಕೆಯ, ತಾಳೆ ಎಣ್ಣೆಯ ಸಾಬೂನು ತಂದು, ಮೊಮ್ಮಗನಿಂದ ಪೊಟ್ಟಣವನ್ನು ತೀರ್ಥರೂಪರ ಮುಂದೆ ಗಟ್ಟಿಯಾಗಿ ಓದಿಸಿದೆವು. ಅವರು ತಲೆಯಾಡಿಸಿ ಗಲ್ಲ ಮುಂದೆ ಮಾಡಿದರು. ಗುಳ್ಳೆ ಮತ್ತೆ ಏಳಲಿಲ್ಲ. ಮುಂದೆ ಹನ್ನೊಂದು ತಿಂಗಳು ಅದೇ ನಡೆಯಿತು. ಹೋದ ವರ್ಷ ಅವರು ಶಾಂತವಾಗಿ ದೇಹ ಬಿಟ್ಟ ದಿನವೂ ಬೆಳಿಗ್ಗೆ ದಾಡಿ ಮಾಡಿಸಿಕೊಂಡಿದ್ದರು.

ಈಗ ದುಕಾನಕ್ಕೆ ಹೊಸ ಮಾಲು ಬಂದರೆ ಮೊದಲು ಮೊಮ್ಮಗ ಓದುತ್ತಾನೆ, ಆಮೇಲೆ ಕಪಾಟಿಗೆ ಏರುತ್ತದೆ. ವ್ಯಾಪಾರಿ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಬೆಲೆ, ತೂಕ ನೋಡುವಂತೆ ಪೊಟ್ಟಣದ ಸಣ್ಣ ಅಕ್ಷರವನ್ನೂ ನೋಡಿರಿ. ಕಣ್ಣಿಗೆ ಕಾಣದಿದ್ದರೆ ಮಕ್ಕಳಿಂದ ಓದಿಸಿರಿ. ಓದಿದ ಮೇಲೆ ನಮ್ಮ ಹಾಗೆ ನಾಲ್ಕು ದಿನ ಸುಮ್ಮನಿರಬೇಡಿರಿ.

ಬರೆದದ್ದರಲ್ಲಿ ಹೆಚ್ಚು-ಕಡಿಮೆ ಇದ್ದರೆ ಉತ್ತಮ ಕ್ಷಮಾ.