ಹೊನ್ನಿನ ದಿಬ್ಬದಿಂದ ನೀರಿನ ಕಾಲುವೆಗೆ

ಬಯಲುಸೀಮೆಯ ಗೃಹಿಣಿಯರಿಗೆ ಹೊನ್ನಿನ ಬೆಲೆಯೂ ನೀರಿನ ಬೆಲೆಯೂ ಚೆನ್ನಾಗಿ ತಿಳಿದಿರುವುವು. ಹೊನ್ನಿಲ್ಲದಿದ್ದರೆ ಮದುವೆ ತಡವಾದೀತು. ನೀರಿಲ್ಲದಿದ್ದರೆ ಅಂದಿನ ಅಡಿಗೆಯೇ ಆಗದು. ಇವೆರಡನ್ನೂ ಅರಸಿ ಮನುಷ್ಯನು ನೆಲವನ್ನು ಎಷ್ಟು ಆಳಕ್ಕೆ ಅಗೆದಿದ್ದಾನೆಂಬುದನ್ನು ಕಣ್ಣಾರೆ ಕಾಣಬೇಕೆಂದು ನಮ್ಮ ಕಡೆಯ ಹನ್ನೊಂದು ಮಂದಿ ಎರಡು ದಿನ ಕಾಲ್ನಡೆಯಲ್ಲಿ ಸಂಚರಿಸಿ ಬಂದೆವು. ಆ ಅನುಭವವನ್ನು ವಾಚಕ ಮಹಾಶಯರ ಮುಂದೆ ಅರಿಕೆ ಮಾಡುತ್ತೇವೆ.

ನಾವು ಶಿಡ್ಲಘಟ್ಟ ತಾಲ್ಲೂಕು ದಿಬ್ಬೂರಹಳ್ಳಿಯವರು. ಹಿಪ್ಪುನೇರಳೆಯ ತೋಟ, ರೇಷ್ಮೆಯ ಹುಳು, ಕೊಳವೆಬಾವಿ, ಇವೇ ನಮ್ಮ ಸಂಸಾರಗಳಿಗೆ ಆಧಾರ. ನಮ್ಮ ತಂಡದಲ್ಲಿ ಶಾಲೆಯ ಉಪಾಧ್ಯಾಯರೊಬ್ಬರು, ಅರುವತ್ತು ದಾಟಿದ ದೊಡ್ಡಮ್ಮನೊಬ್ಬರು, ಮೂವರು ಹುಡುಗರು, ಉಳಿದವರು ಬೇಸಾಯಗಾರ ದಂಪತಿಗಳು. ಚಿಂತಾಮಣಿ, ಕೋಲಾರಗಳ ಮಾರ್ಗವಾಗಿ ಬಂಗಾರಪೇಟೆಯನ್ನು ಸೇರಿ, ಅಲ್ಲಿಂದ ಮಾರಿಕುಪ್ಪಂ ರೈಲನ್ನು ಹಿಡಿದು, ಊರಿಗಾಂ ನಿಲ್ದಾಣದಲ್ಲಿಳಿದು ನಡೆಯತೊಡಗಿದೆವು.

ಮೊದಲು ಕಣ್ಣಿಗೆ ಬಿದ್ದುವು ಸೈನೈಡ್ ದಿಬ್ಬಗಳು. ದಿಬ್ಬವೆಂಬ ಮಾತು ನಮ್ಮೂರ ಹೆಸರಿನಲ್ಲಿಯೂ ಕೇಳಿಬರುವುದರಿಂದ ಹುಡುಗರಿಗೆ ನಗು ಬಂದಿತು. ಆದರೆ ಇವು ದೇವರು ಮಾಡಿದ ದಿಬ್ಬಗಳಲ್ಲ. ಗಣಿಯಿಂದೆತ್ತಿದ ಕಲ್ಲನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಬಳಿಕ ಉಳಿದ ಹುಡಿಯೇ ಹೀಗೆ ಗುಡ್ಡಗಳಾಗಿ ನಿಂತಿದೆ. ಅದರ ಮೊತ್ತ 3 ಕೋಟಿ ಟನ್ನುಗಳಿಗೂ ಹೆಚ್ಚು. ಗಾಳಿ ಬೀಸಿತೆಂದರೆ ಆ ಧೂಳು ಮನೆಮನೆಯನ್ನು ಹೊಗುತ್ತದೆ.

ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಇಲ್ಲಿ ಕೈಹಾಕಿದರು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿಯೆಳೆದು ಗಣಿಗೆ ವಿದ್ಯುತ್ತನ್ನು ತಂದರು. ಚಾಂಪಿಯನ್ ರೀಫ್ ಗಣಿಯು ಸುಮಾರು 3.2 ಕಿಲೋಮೀಟರ್ ಆಳಕ್ಕಿಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿಗೆ ಮೀರಿದುದು. ಯಂತ್ರದಿಂದ ತಂಪುಗೊಳಿಸಿದ ಗಾಳಿಯನ್ನು ಕೆಳಕ್ಕೆ ಕಳುಹಿಸಬೇಕಾಗಿತ್ತು. ಒಟ್ಟಿನಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತು. ಅದಿರಿನಲ್ಲಿ ಚಿನ್ನ ಕಡಮೆಯಾಗಿ, ತೆಗೆಯುವ ಖರ್ಚು ಬೆಳೆದು, 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಚಾಂಪಿಯನ್ ರೀಫ್ಸಿನ ಕೂಲಿ ಲೈನುಗಳ ಬಳಿ ಒಬ್ಬ ವೃದ್ಧರು ಜಗುಲಿಯ ಮೇಲೆ ಕುಳಿತಿದ್ದರು. ದೊಡ್ಡಮ್ಮ ಕುಡಿಯಲು ನೀರು ಕೇಳಿದರು. ಅವರು ಸೊಸೆಯನ್ನು ಕೂಗಿ ತಂಬಿಗೆ ತರಿಸಿಕೊಟ್ಟು, ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು: "ತಾಯಿ, ನಿಧಾನವಾಗಿ ಕುಡಿಯಿರಿ. ಕೆಳಗೆ ಗಣಿಯೊಳಗೆ ಬೇಡವೆಂದರೂ ನೀರು; ಪಂಪಿಟ್ಟು ಹೊರಕ್ಕೆ ಹಾಕುತ್ತಿದ್ದೆವು. ಈಗ ಗಣಿಯ ತುಂಬ ನೀರು ನಿಂತಿದೆಯಂತೆ. ಮೇಲೆ ನಾವು ಕೊಡ ಹಿಡಿದು ಕಾಯುತ್ತೇವೆ." ಒಂದು ಕಾಲದಲ್ಲಿ ಈ ಊರಿನ ದಾಹವನ್ನು ತಣಿಸುತ್ತಿದ್ದುದು ಬೇತಮಂಗಲದ ಕೆರೆ. ಅದಕ್ಕೆ ನೀರುಣಿಸುವ ಪಾಲಾರ್ ಹುಟ್ಟುವುದು ನಮ್ಮ ನಂದಿಯ ಕಡೆಯಲ್ಲಿಯೇ.

ಮರುದಿನ ನಮ್ಮ ನಡಿಗೆ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಯಿಂದ ಮೊದಲಾಯಿತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧಿಮಾಡಿದ ಕೊಳಚೆಯ ನೀರು 2018ನೆಯ ಜೂನ್ ತಿಂಗಳಲ್ಲಿ ಮೊದಲು ಬಂದು ಬಿದ್ದುದು ಇಲ್ಲಿಗೆ. ಕೋಡಿಯಿಂದಿಳಿದು, ಹಳ್ಳ ಕಾಲುವೆಗಳನ್ನು ಹಿಡಿದು, ಅದು ನರಸಾಪುರವೇ ಮುಂತಾದ ಕೆರೆಗಳಿಗೆ ಒಂದರಿಂದೊಂದಕ್ಕೆ ಹರಿಯುತ್ತದೆ. ನಾವು ಆ ಕಾಲುವೆಯ ಏರಿಯ ಮೇಲೆ ನಡೆದೆವು. ನೀರಕ್ಕಿಗಳು, ಜೊಂಡು, ಎರಡು ಕಡೆಯೂ ಹಸಿರು. ಹಿಂದಿನ ದಿನದ ಬೂದುಬಣ್ಣವನ್ನು ಕಂಡ ಕಣ್ಣಿಗೆ ಹಬ್ಬವಾಯಿತು.

ಆದರೆ ಹಬ್ಬದೊಳಗೂ ಒಂದು ಅಂಜಿಕೆ ಉಂಟು. ನೀರು ಬಂದ ವರ್ಷವೇ ಕೆರೆಯಲ್ಲಿ ನೊರೆ ಕಾಣಿಸಿ, ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಎರಡು ಹಂತದ ಶುದ್ಧಿ ಸಾಲದು, ಮೂರನೆಯ ಹಂತವೂ ಬೇಕೆಂದು ರೈತರು ಕೇಳುತ್ತ ಬಂದಿದ್ದಾರೆ. ಈ ನೀರು ನೆಲಕ್ಕಿಂಗಿ ಅಂತರ್ಜಲವನ್ನು ಹೆಚ್ಚಿಸಲೆಂದು ಬಿಟ್ಟುದೇ ಹೊರತು, ಕೆರೆಯಿಂದ ನೇರವಾಗಿ ಎತ್ತಿ ಬಳಸಲೆಂದಲ್ಲ. "ಅಜ್ಜೀ, ಈ ನೀರನ್ನು ಕುಡಿಯಬಹುದೆ?" ಎಂದು ಹುಡುಗನೊಬ್ಬನು ಕೇಳಿದನು. ದೊಡ್ಡಮ್ಮ, "ಕುಡಿಯಬಾರದಪ್ಪ. ಆದರೆ ಇದು ಇಂಗಿದ ನೆಲದ ಬಾವಿಯ ನೀರನ್ನು ಕುಡಿಯುವವರಿದ್ದಾರಲ್ಲ, ಅದನ್ನು ಯೋಚಿಸು" ಎಂದರು.

ಈ ಪ್ರಶ್ನೆ ಪರರದಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಇಂತಹುದೇ ನೀರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೂ ಬಂದಿದೆ. ಇತ್ತ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ, ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಬೆರೆತ ನೀರನ್ನು ಕೊಡುತ್ತಿವೆ. ಗಣಿಯವರು ಚಿನ್ನ ಮುಗಿಯುವವರೆಗೆ ಅಗೆದರು. ನಾವಾದರೂ ಮಾಡುತ್ತಿರುವುದು ಮತ್ತೇನು? ಅವರು ಹೊನ್ನನ್ನು ಹಡಗಿನಲ್ಲಿ ದೂರಕ್ಕೆ ಕಳುಹಿಸಿದರು. ನಾವು ನೀರನ್ನು ಸೊಪ್ಪಿನಲ್ಲಿಯೂ ರೇಷ್ಮೆಯಲ್ಲಿಯೂ ತುಂಬಿ ಪೇಟೆಗೆ ಕಳುಹಿಸುತ್ತೇವೆ. ದಿಬ್ಬಗಳನ್ನು ಕಂಡು ಅವರನ್ನು ದೂರುವುದು ಸುಲಭ. ನಮ್ಮ ಅಗೆತದ ಬೆಲೆಯನ್ನು ಮಕ್ಕಳ ಹಳದಿಗಟ್ಟಿದ ಹಲ್ಲುಗಳು ತೋರಿಸುತ್ತಿವೆ.

ಹಾಗಾದರೆ ಗೃಹಸ್ಥರು ಮಾಡಬಹುದಾದುದೇನು? ಕುಡಿಯುವ ಬಾವಿಯ ನೀರನ್ನು ವರ್ಷಕ್ಕೆರಡಾವರ್ತಿ ಪರೀಕ್ಷೆಗೆ ಕಳುಹಿಸಿ, ಬಂದ ಅಂಕೆಗಳನ್ನು ಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಬಹುದು. ಮಾಳಿಗೆಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಅಡಿಗೆಗೆ ಇಟ್ಟುಕೊಳ್ಳಬಹುದು. ಕೆರೆಗೆ ಬರುವ ಕಾಲುವೆಯಲ್ಲಿ ಬೆಳೆದ ಜಾಲಿಯನ್ನು ಕಡಿದು ದಾರಿ ಬಿಡಿಸಬಹುದು. ಊರಿಗೆ ಹಿಂದಿರುಗುವ ದಾರಿಯಲ್ಲಿಯೇ ಈ ಮೂರನೆಯ ಕೆಲಸಕ್ಕೆ ದಿನ ಗೊತ್ತಾಯಿತು. ಗುದ್ದಲಿಗಳನ್ನು ಒದಗಿಸುವ ಭಾರವನ್ನು ಹೆಂಗಸರೇ ವಹಿಸಿಕೊಂಡಿದ್ದಾರೆ. ಮುಂಗಾರಿಗೆ ಮುನ್ನ ಅದು ಮುಗಿಯಬೇಕು.